ನೆಂಟರ ವೀಸಾ, ಒಕ್ಕಲಿನ ವೀಸಾ

ಊರಿಗೆ ಬರುವವರಲ್ಲಿ ಎರಡು ಬಗೆ. ನೆಂಟರಾಗಿ ಬರುವವರು, ಒಕ್ಕಲಾಗಿ ಬರುವವರು. ನೆಂಟರಿಗೆ ಉಪಚಾರ ಜಾಸ್ತಿ, ಹಕ್ಕು ಏನೂ ಇಲ್ಲ. ಒಕ್ಕಲಾದವರಿಗೆ ಉಪಚಾರ ಸಿಗದೆ ಇರಬಹುದು. ಆದರೆ ನಾಳೆ ಬೆಳಿಗ್ಗೆ ಹೊರಡಿ ಎಂದು ಅವರಿಗೆ ಸುಲಭಕ್ಕೆ ಹೇಳುವ ಹಾಗಿಲ್ಲ.

ಒಂದು ದೇಶದ ಕಂಪನಿಗೆ ಇನ್ನೊಂದು ದೇಶದಲ್ಲಿ ಕೂತು ಕೆಲಸ ಮಾಡುವವರಿಗಾಗಿ ಈಗ ಹತ್ತಾರು ಸರ್ಕಾರಗಳು ವೀಸಾ ಕೊಡುತ್ತಿವೆ. ಅವನ್ನೂ ಹೀಗೇ ಎರಡು ರಾಶಿ ಮಾಡಬಹುದು. ತೊಡಕು ಏನೆಂದರೆ ಎರಡೂ ರಾಶಿಗೆ ಹೊರಗೆ ಅಂಟಿಸಿರುವ ಚೀಟಿ ಒಂದೇ: ಡಿಜಿಟಲ್ ನೋಮ್ಯಾಡ್ ವೀಸಾ. ಹಾಗಾಗಿ ಜನ ಆದಾಯದ ಮಿತಿ ನೋಡುತ್ತಾರೆ, ಶುಲ್ಕ ನೋಡುತ್ತಾರೆ, ಹವೆ ಹೇಗಿದೆ ಅಂತ ನೋಡುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ. ಈ ವೀಸಾದ ಮೇಲೆ ನಾನು ಅಲ್ಲಿ ಕಳೆಯುವ ದಿನಗಳು ಶಾಶ್ವತ ವಾಸದ ಲೆಕ್ಕಕ್ಕೆ ಬರುತ್ತವೋ ಇಲ್ಲವೋ?

ಈ ವೀಸಾಗಳು ಹುಟ್ಟಿದ ಹೊತ್ತನ್ನು ನೆನೆಸಿಕೊಂಡರೆ ಗೊಂದಲ ಯಾಕಾಯಿತು ಅಂತ ತಿಳಿಯುತ್ತದೆ. 2020. ಕೋವಿಡ್‌ನಿಂದ ವಿಮಾನಗಳು ನಿಂತಿದ್ದವು, ಹೋಟೆಲ್‌ಗಳು ಖಾಲಿ ಬಿದ್ದಿದ್ದವು. ಆಫೀಸಿನವರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದರು. ಪ್ರವಾಸಿಗರನ್ನೇ ನೆಚ್ಚಿಕೊಂಡ ಬಾರ್ಬಡೋಸ್ ಆ ವರ್ಷದ ಬೇಸಿಗೆಯಲ್ಲಿ ವೆಲ್ಕಮ್ ಸ್ಟ್ಯಾಂಪ್ ತಂದಿತು. ವರ್ಷಕ್ಕೆ 50,000 ಡಾಲರ್ ಆದಾಯ ತೋರಿಸಿ, 2,000 ಡಾಲರ್ ಶುಲ್ಕ ಕಟ್ಟಿ, 12 ತಿಂಗಳು ಇರಿ ಎಂದಿತು. ಆಗಸ್ಟ್‌ನಲ್ಲಿ ಎಸ್ಟೋನಿಯಾ, ಅಕ್ಟೋಬರ್‌ನಲ್ಲಿ ದುಬೈ ಅದೇ ದಾರಿ ಹಿಡಿದವು. ಇವರಿಗೆಲ್ಲ ಬೇಕಾಗಿದ್ದದ್ದು ಹೊಸ ಪೌರರಲ್ಲ, ಉದ್ದ ರಜೆಯ ಪ್ರವಾಸಿಗರು. ಹೊರಗಿನ ಸಂಬಳ ತಂದು ಇಲ್ಲಿ ಖರ್ಚು ಮಾಡುವವರು, ಇಲ್ಲಿಯವರ ಕೆಲಸಕ್ಕೆ ಕೈ ಹಾಕದವರು. ಯೋಚನೆಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು 'ವಲಸೆ' ಅಂತ ಓದಿಕೊಂಡದ್ದು ನಾವು.

ಹೆಸರಿನ ಬಗ್ಗೆ ಒಂದು ಮಾತು. ನೋಮ್ಯಾಡ್ ಅಂದರೆ ಅಲೆಮಾರಿ. ಆದರೆ ಅರ್ಜಿ ಹಾಕಲು ಹೋದರೆ ಬಾಡಿಗೆ ಕರಾರು ತನ್ನಿ, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ, ಪೊಲೀಸ್ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ. ನೀವು ಅಲೆಮಾರಿ ಅಲ್ಲ ಅಂತ ಸಾಬೀತು ಮಾಡಿದರಷ್ಟೇ ಅಲೆಮಾರಿ ವೀಸಾ!

ನೆಂಟರ ರಾಶಿ

ಇಲ್ಲಿ ಎಲ್ಲರಿಗಿಂತ ನೇರವಾಗಿ ಮಾತಾಡುವ ದೇಶ ಜಪಾನ್. 2024ರ ಮಾರ್ಚ್ ಕೊನೆಯಲ್ಲಿ ಬಂದ ಅದರ ವೀಸಾ 6 ತಿಂಗಳದ್ದು. ಮುಂದುವರಿಸಲು ಬರುವುದಿಲ್ಲ. ಮುಗಿದ ಮೇಲೆ ಹೊರಗೆ ಹೋಗಬೇಕು, 6 ತಿಂಗಳು ಕಳೆದ ಮೇಲಷ್ಟೇ ಮತ್ತೆ ಅರ್ಜಿ. ವರ್ಷದ ಆದಾಯ 1 ಕೋಟಿ ಯೆನ್ ಇರಬೇಕು. ಜಪಾನಿನ ಜೊತೆ ತೆರಿಗೆ ಒಪ್ಪಂದ, ವೀಸಾ ವಿನಾಯಿತಿ ಎರಡೂ ಇರುವ ದೇಶದ ಪೌರರಾಗಿರಬೇಕು. ಇಷ್ಟೆಲ್ಲ ಆದ ಮೇಲೂ ವಾಸದ ಕಾರ್ಡ್ ಕೊಡುವುದಿಲ್ಲ. ಆ ಕಾರ್ಡ್ ಇಲ್ಲದೆ ಅಲ್ಲಿ ಬ್ಯಾಂಕ್ ಖಾತೆ ತೆರೆಯುವುದು, ವರ್ಷದ ಕರಾರಿಗೆ ಮನೆ ಹಿಡಿಯುವುದು ಕಷ್ಟ. ಬನ್ನಿ, ಇರಿ, ಹೊರಡಿ. ನನಗೆ ಈ ನೇರ ಮಾತು ಇಷ್ಟ. ಯಾರನ್ನೂ ಆಸೆಗೆ ಬೀಳಿಸುವುದಿಲ್ಲ.

ಆಸೆಗೆ ಬೀಳಿಸುವುದು ಥಾಯ್ಲೆಂಡಿನ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ಥರದ್ದು. 2024ರ ಜುಲೈನಲ್ಲಿ ಬಂತು. 5 ವರ್ಷದ ವೀಸಾ, ಒಮ್ಮೆ ಒಳಗೆ ಬಂದರೆ 180 ದಿನ ಇರಬಹುದು, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಿದರೆ ಸಾಕು. '5 ವರ್ಷ' ಎಂದು ಕಂಡ ಕೂಡಲೇ ತಲೆಯಲ್ಲಿ ಮನೆ ಕಟ್ಟುವ ಕೆಲಸ ಶುರುವಾಗುತ್ತದೆ, ಅಲ್ವಾ? ಆದರೆ ಈ 5 ವರ್ಷ ಬಾಗಿಲು ತೆರೆದಿರುವ ಕಾಲ, ಒಳಗೆ ನೆಲೆಸಿದ ಕಾಲ ಅಲ್ಲ. ಐದನೆಯ ವರ್ಷದ ಕೊನೆಗೆ ನೀವು ನಿಂತಿರುವುದು ಮೊದಲ ದಿನ ನಿಂತಿದ್ದ ಜಾಗದಲ್ಲೇ. ಅದೇ ದೇಶ 2022ರಿಂದ 10 ವರ್ಷದ ಎಲ್‌ಟಿಆರ್ (ದೀರ್ಘಾವಧಿ ನಿವಾಸಿ) ವೀಸಾವನ್ನೂ ಕೊಡುತ್ತಿದೆ. ಅದು ಕೇಳುವುದು ದೊಡ್ಡ ಆದಾಯ, ರಿಮೋಟ್ ಕೆಲಸದವರಿಗೆ ಸಾಮಾನ್ಯವಾಗಿ ವರ್ಷಕ್ಕೆ 80,000 ಡಾಲರ್. ಅದೂ ಉದ್ದವಾದ ನೆಂಟತನವೇ.

ಕ್ರೊಯೇಷಿಯಾದ ಕತೆ ಇನ್ನೂ ಚೆನ್ನಾಗಿದೆ. 2021ರಲ್ಲಿ ಶುರು ಮಾಡಿದಾಗ ಒಂದು ವರ್ಷ ಕೊಡುತ್ತಿತ್ತು, ಈಗ 18 ತಿಂಗಳವರೆಗೆ ಕೊಡುತ್ತದೆ. ಹೊರದೇಶದ ಕಂಪನಿಯಿಂದ ಬರುವ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಇದನ್ನು ಓದಿ ಕುಣಿಯುವವರು ಮುಂದಿನ ಸಾಲನ್ನೂ ಓದಬೇಕು. ಅವಧಿ ಮುಗಿದ ಮೇಲೆ 6 ತಿಂಗಳು ಬಿಟ್ಟೇ ಮತ್ತೆ ಅರ್ಜಿ ಹಾಕಬೇಕು. ಶಾಶ್ವತ ವಾಸಕ್ಕೆ ಎಡೆಬಿಡದ 5 ವರ್ಷ ಬೇಕು. ಹದಿನೆಂಟು ತಿಂಗಳಿಗೊಮ್ಮೆ ನೂಲು ತುಂಡಾದರೆ ಬಟ್ಟೆ ನೇಯುವುದು ಎಲ್ಲಿಂದ?

ದಕ್ಷಿಣ ಕೊರಿಯಾದ ವರ್ಕೇಶನ್ ವೀಸಾ ಒಂದು ವರ್ಷ, ಬೇಕಾದರೆ ಇನ್ನೊಂದು ವರ್ಷ. ಕೋಸ್ಟರಿಕಾದ್ದೂ ಹಾಗೇ, ಒಂದಕ್ಕೆ ಒಂದು. ಎಸ್ಟೋನಿಯಾ ಕೊಡುವುದು ಹೆಚ್ಚೆಂದರೆ ಒಂದು ವರ್ಷದ ವೀಸಾ, ವಾಸ ಪರವಾನಗಿ ಅಲ್ಲ. ಎಸ್ಟೋನಿಯಾ ವಿಷಯದಲ್ಲಿ ಇನ್ನೊಂದು ಗೊಂದಲ ಎಲ್ಲರಿಗೂ ಇದೆ. 2014ರಿಂದ ಅದು ಕೊಡುತ್ತಿರುವ ಇ-ರೆಸಿಡೆನ್ಸಿ ಕಾರ್ಡ್‌ನಲ್ಲಿ 'ವಾಸ' ಅನ್ನುವುದು ಹೆಸರಿನಲ್ಲಿ ಮಾತ್ರ. ಆ ಕಾರ್ಡ್ ಇಟ್ಟುಕೊಂಡು ಕಂಪನಿ ತೆರೆಯಬಹುದು, ಸಹಿ ಹಾಕಬಹುದು. ಆ ದೇಶದಲ್ಲಿ ಒಂದು ರಾತ್ರಿ ಉಳಿಯಲೂ ಅದು ಹಕ್ಕು ಕೊಡುವುದಿಲ್ಲ.

ಒಕ್ಕಲಿನ ರಾಶಿ

ಈ ರಾಶಿ ಚಿಕ್ಕದು. ಮಾತು ಹೆಚ್ಚಾಗಿ ಪೋರ್ಚುಗಲ್ ಮತ್ತು ಸ್ಪೇನ್ ಸುತ್ತ ತಿರುಗುತ್ತದೆ. ಅದಕ್ಕೆ ಕಾರಣ ಬಿಸಿಲೂ ಅಲ್ಲ, ಕಡಲೂ ಅಲ್ಲ, ಕಾನೂನು.

ಯುರೋಪಿಯನ್ ಒಕ್ಕೂಟದಲ್ಲಿ 2003ರ ಒಂದು ನಿರ್ದೇಶನ ಇದೆ. ಕಾನೂನುಬದ್ಧವಾಗಿ ಎಡೆಬಿಡದೆ 5 ವರ್ಷ ಒಂದು ಸದಸ್ಯ ದೇಶದಲ್ಲಿ ವಾಸ ಮಾಡಿದ ಹೊರಗಿನವರಿಗೆ ದೀರ್ಘಾವಧಿ ವಾಸದ ಹಕ್ಕು ಕೊಡಬೇಕು ಅಂತ ಅದು ಹೇಳುತ್ತದೆ. ಆದರೆ 'ತಾತ್ಕಾಲಿಕ' ಕಾರಣಕ್ಕೆ ಮಾತ್ರ ಇರುವವರನ್ನು ಹೊರಗಿಡುತ್ತದೆ. ಹಾಗಾಗಿ ಒಂದು ದೇಶ ತನ್ನ ನೋಮ್ಯಾಡ್ ಪರವಾನಗಿಯನ್ನು ತಾತ್ಕಾಲಿಕ ಅಂತ ಬರೆದುಕೊಂಡಿದೆಯೋ, ಸಾಮಾನ್ಯ ವಾಸ ಅಂತ ಬರೆದುಕೊಂಡಿದೆಯೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಜಾಹೀರಾತಿನಲ್ಲಿ ಇದು ಕಾಣುವುದಿಲ್ಲ.

ಪೋರ್ಚುಗಲ್ ಒಂದೇ ಹೆಸರಿನಲ್ಲಿ ಎರಡನ್ನೂ ಇಟ್ಟಿದೆ. 2022ರ ಅಕ್ಟೋಬರ್ ಕೊನೆಯಲ್ಲಿ ಬಂದ ಡಿ8 ವೀಸಾದಲ್ಲಿ ಒಂದು ತಾತ್ಕಾಲಿಕ ವಾಸದ್ದು, ಒಂದು ವರ್ಷದವರೆಗೆ. ಇನ್ನೊಂದು ವಾಸ ಪರವಾನಗಿಗೆ ದಾರಿ ಮಾಡಿಕೊಡುವುದು. ಅದರಲ್ಲಿ ಮೊದಲು 4 ತಿಂಗಳ ವೀಸಾ, ಅಲ್ಲಿಗೆ ಹೋದ ಮೇಲೆ 2 ವರ್ಷದ ಪರವಾನಗಿ, ಆಮೇಲೆ 3 ವರ್ಷದ್ದು. ಎರಡೂ ಕೂಡಿದರೆ 5. ಆದಾಯದ ಮಿತಿ ಎರಡಕ್ಕೂ ಒಂದೇ, ಅಲ್ಲಿನ ಕನಿಷ್ಠ ವೇತನದ 4 ಪಟ್ಟು. ಅರ್ಜಿಯಲ್ಲಿ ತಪ್ಪು ಗೆರೆಗೆ ಟಿಕ್ ಹಾಕಿದರೆ ಒಕ್ಕಲಾಗಬೇಕಾದವರು ನೆಂಟರಾಗಿಬಿಡುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಇಡೀ ಅರ್ಜಿಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ.

ಕನಿಷ್ಠ ವೇತನಕ್ಕೆ ಕಟ್ಟಿದ ಮಿತಿ ಒಂದೇ ಕಡೆ ನಿಲ್ಲುವುದಿಲ್ಲ ಅನ್ನುವುದೂ ಗೊತ್ತಿರಲಿ. 2022ರಲ್ಲಿ ಪೋರ್ಚುಗಲ್ಲಿನ ಕನಿಷ್ಠ ವೇತನ 705 ಯೂರೋ ಇತ್ತು, ಹಾಗಾಗಿ ತಿಂಗಳಿಗೆ 2,820 ಯೂರೋ ತೋರಿಸಿದರೆ ಸಾಕಿತ್ತು. 2025ರಲ್ಲಿ ಅದು 870 ಆಯಿತು, ಮಿತಿ 3,480ಕ್ಕೆ ಏರಿತು. ಮೂರು ವರ್ಷ ನಿಮ್ಮ ಸಂಬಳ ಏರದಿದ್ದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಸ್ಪೇನ್ 2022ರ ಡಿಸೆಂಬರ್‌ನ ಸ್ಟಾರ್ಟಪ್ ಕಾನೂನಿನ ಮೂಲಕ ಬಾಗಿಲು ತೆರೆಯಿತು. ಅಲ್ಲಿ ಕನಿಷ್ಠ ವೇತನದ ಎರಡು ಪಟ್ಟು ಸಾಕು, 2025ರಲ್ಲಿ ತಿಂಗಳಿಗೆ ಸುಮಾರು 2,763 ಯೂರೋ. ಪದವಿ ಅಥವಾ 3 ವರ್ಷದ ಅನುಭವ ಬೇಕು. ಕಂಪನಿಗೆ ಕನಿಷ್ಠ ಒಂದು ವರ್ಷ ಆಗಿರಬೇಕು, ನಿಮಗೂ ಅದಕ್ಕೂ ಕನಿಷ್ಠ 3 ತಿಂಗಳ ನಂಟು ಇರಬೇಕು. ಸ್ವತಂತ್ರವಾಗಿ ಕೆಲಸ ಮಾಡುವವರು ಸ್ಪೇನಿನ ಗಿರಾಕಿಗಳಿಂದಲೂ ಗಳಿಸಬಹುದು, ಆದರೆ ಒಟ್ಟು ಕೆಲಸದ 20 ಶೇಕಡಾ ಮೀರಬಾರದು. ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಿದರೆ ಒಂದು ವರ್ಷದ ವೀಸಾ. ಕಾನೂನುಬದ್ಧವಾಗಿ ಸ್ಪೇನಿನ ಒಳಗಿದ್ದೇ ಅರ್ಜಿ ಹಾಕಿದರೆ ನೇರವಾಗಿ 3 ವರ್ಷದವರೆಗಿನ ಪರವಾನಗಿ. ಒಳಗಿನಿಂದ ಹಾಕಿದ ಅರ್ಜಿಗೆ 20 ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿತು ಅಂತಲೇ ಅರ್ಥ. ಸರ್ಕಾರಿ ಕಚೇರಿಯ ಮೌನ ಅರ್ಜಿದಾರರ ಪರವಾಗಿ ಮಾತಾಡುವುದು ಅಪರೂಪ.

ಇನ್ನು ಒಕ್ಕಲಾಗುವುದಕ್ಕೆ ಕೊಡಬೇಕಾದ ಬೆಲೆ. ಅದೇ 2003ರ ನಿರ್ದೇಶನದ ಪ್ರಕಾರ 5 ವರ್ಷದಲ್ಲಿ ದೇಶದ ಹೊರಗೆ ಒಟ್ಟು 10 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಒಂದೇ ಸಲ 6 ತಿಂಗಳು ಹೊರಗಿದ್ದರೂ ಎಣಿಕೆ ಕಡಿಯುತ್ತದೆ. ಪೋರ್ಚುಗಲ್‌ನಲ್ಲಿ ಪರವಾನಗಿಯ ಅವಧಿಯೊಳಗೆ ಸತತ 6 ತಿಂಗಳು ಅಥವಾ ಬಿಟ್ಟು ಬಿಟ್ಟು 8 ತಿಂಗಳು ಕಾರಣವಿಲ್ಲದೆ ಗೈರಾದರೆ ಪರವಾನಗಿಯೇ ರದ್ದಾಗಬಹುದು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸರಾಸರಿ ಎರಡು ತಿಂಗಳು ಹೊರಗೆ ಹೋಗಬಹುದು ಅಷ್ಟೇ. ಊರಿಗೊಂದು ಸಲ, ಕಂಪನಿಯ ಸಭೆಗೊಂದು ಸಲ, ಅಲ್ಲಿಗೆ ಮುಗಿಯಿತು. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅನ್ನುವ ಕನಸಿಗೂ ಶಾಶ್ವತ ವಾಸಕ್ಕೂ ಕೂಡಿಬರುವುದಿಲ್ಲ. ಈ ವೀಸಾದಿಂದ ಒಕ್ಕಲಾಗಬೇಕು ಅಂದರೆ ಮೊದಲ ದಿನದಿಂದಲೇ ಅಲೆಯುವುದನ್ನು ಬಿಡಬೇಕು.

ಹೊಸ ಹೆಸರಿನ ವೀಸಾಗಳ ಗದ್ದಲದಲ್ಲಿ ಹಳೆಯ ಬಾಗಿಲುಗಳನ್ನು ಜನ ಮರೆಯುತ್ತಾರೆ. ಮೆಕ್ಸಿಕೊ ನೋಮ್ಯಾಡ್ ವೀಸಾ ಅಂತ ಏನನ್ನೂ ಕೂಗಿ ಮಾರುತ್ತಿಲ್ಲ. ಆದರೆ ಆದಾಯ ಅಥವಾ ಉಳಿತಾಯ ತೋರಿಸಿ ತಾತ್ಕಾಲಿಕ ವಾಸದ ಕಾರ್ಡ್ ಪಡೆದವರು 4 ವರ್ಷ ಆದ ಮೇಲೆ ಶಾಶ್ವತ ವಾಸ ಕೇಳಬಹುದು. ಜರ್ಮನಿಯಲ್ಲಿ ಸ್ವತಂತ್ರ ವೃತ್ತಿಯವರ ಪರವಾನಗಿ ಬಹಳ ಹಿಂದಿನಿಂದ ಇದೆ, ಆದರೆ ಅಲ್ಲಿನ ಗಿರಾಕಿಗಳು ಸಿಗುತ್ತಾರೆ ಅಂತ ತೋರಿಸಬೇಕಾಗುತ್ತದೆ. ಬಾಡಿಗೆ, ಪಿಂಚಣಿ ಥರ ಕೂತಲ್ಲೇ ಬರುವ ಆದಾಯ ಇದ್ದವರಿಗೆ ಪೋರ್ಚುಗಲ್ಲಿನ ಡಿ7 ವೀಸಾ ಇದೆ. ಹೊಳೆಯುವ ಹೆಸರಿಲ್ಲ ಅನ್ನುವ ಒಂದೇ ಕಾರಣಕ್ಕೆ ಇವುಗಳ ಸುದ್ದಿ ಕಡಿಮೆ.

ನಡುದಾರಿಯಲ್ಲಿ ಗೆರೆ ಸರಿದರೆ

ದಿನಗಳು ಲೆಕ್ಕಕ್ಕೆ ಬರುತ್ತವೆ ಅಂತ ಖಾತ್ರಿ ಆಯಿತು ಅಂದುಕೊಳ್ಳೋಣ. ಎಷ್ಟು ದಿನ, ಯಾವಾಗಿನಿಂದ ಅನ್ನುವುದು ಬದಲಾಗುವುದಿಲ್ಲವೇ? ಪೋರ್ಚುಗಲ್ಲಿನಲ್ಲಿ ಆದದ್ದು ಅದೇ.

2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಹಳೆಯ ವಲಸೆ ಕಚೇರಿ ಸೆಫ್ ಅನ್ನು ಮುಚ್ಚಿ ಐಮಾ ಎಂಬ ಹೊಸ ಸಂಸ್ಥೆ ತೆರೆದರು. ಅದು ಹುಟ್ಟುತ್ತಲೇ ಲಕ್ಷಗಟ್ಟಲೆ ಬಾಕಿ ಅರ್ಜಿಗಳನ್ನು ಹೊತ್ತುಕೊಂಡು ಹುಟ್ಟಿತು. ಮುಂದೆ ಆ ಸಂಖ್ಯೆ 4 ಲಕ್ಷದ ಹತ್ತಿರ ಅಂತ ಸರ್ಕಾರವೇ ಹೇಳಿತು. ಕಾರ್ಡ್ ಕೈಗೆ ಬರಲು ವರ್ಷಗಟ್ಟಲೆ ಆಗುತ್ತಿದ್ದುದರಿಂದ, ಪೌರತ್ವಕ್ಕೆ ಬೇಕಾದ 5 ವರ್ಷವನ್ನು ಅರ್ಜಿ ಹಾಕಿದ ದಿನದಿಂದ ಎಣಿಸಬೇಕು ಎಂದು 2024ರಲ್ಲಿ ಕಾನೂನು ತಂದರು. ನ್ಯಾಯವಾದ ಮಾತು. ಆದರೆ 2025ರ ಅಕ್ಟೋಬರ್‌ನಲ್ಲಿ ಅದೇ ಸಂಸತ್ತು ಹೆಚ್ಚಿನವರಿಗೆ ಆ 5 ವರ್ಷವನ್ನು 10 ಮಾಡುವ, ಎಣಿಕೆಯನ್ನು ಕಾರ್ಡ್ ಸಿಕ್ಕ ದಿನಕ್ಕೆ ತಳ್ಳುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದರ ಕೆಲವು ಭಾಗಗಳನ್ನು ತಳ್ಳಿಹಾಕಿತು. ಐದು ವರ್ಷದ ಲೆಕ್ಕ ಹಾಕಿಕೊಂಡು ಮನೆ ಮಾರಿ ಹೋದವರ ಪಾಡು ಏನಾಗಿರಬೇಡ? ಇಲ್ಲಿ ಒಂದು ವಿಷಯ ಬಿಡಿಸಿಕೊಳ್ಳಬೇಕು. ಬದಲಾವಣೆ ಬಂದದ್ದು ಪೌರತ್ವದ ಅವಧಿಗೆ. ಶಾಶ್ವತ ವಾಸದ 5 ವರ್ಷ ಬೇರೆ ಕಾನೂನಿನದು. ಪಾಸ್‌ಪೋರ್ಟ್ ಆಸೆಗೆ ಹೋದವರಿಗೆ ಪೆಟ್ಟು ಜಾಸ್ತಿ, ನೆಲೆಸಲು ಹೋದವರಿಗೆ ಕಮ್ಮಿ.

ಸರ್ಕಾರಗಳು ಹೀಗೆ ಮನಸ್ಸು ಬದಲಿಸುವುದಕ್ಕೆ ಬೀದಿಯಲ್ಲೂ ಕಾರಣ ಇದೆ. ಹೊರಗಿನ ಸಂಬಳ ಬಂದ ಕಡೆ ಬಾಡಿಗೆ ಏರುತ್ತದೆ. ಲಿಸ್ಬನ್, ಬಾರ್ಸಿಲೋನಾಗಳಲ್ಲಿ ಮನೆ ಬಾಡಿಗೆಯ ವಿರುದ್ಧ ಮೆರವಣಿಗೆಗಳಾಗಿವೆ. 2025ರ ಜುಲೈನಲ್ಲಿ ಮೆಕ್ಸಿಕೊ ಸಿಟಿಯ ಕೊಂಡೆಸಾ, ರೋಮಾ ಬಡಾವಣೆಗಳಲ್ಲಿ ಸ್ಥಳೀಯರು ಬೀದಿಗಿಳಿದರು. ಬಾಡಿಗೆ ಏರಿಕೆಗೆ ಲ್ಯಾಪ್‌ಟಾಪಿನವರು ಮಾತ್ರ ಕಾರಣ ಅನ್ನುವುದು ಅತಿಯಾದ ಮಾತು. ಸಾಕಷ್ಟು ಮನೆ ಕಟ್ಟದಿರುವುದು, ಪ್ರವಾಸಿಗರಿಗೆ ದಿನಬಾಡಿಗೆಗೆ ಬಿಡುವುದು ಇವೆಲ್ಲ ಸೇರಿವೆ. ಆದರೂ ಮತ ಹಾಕಲಾರದ ಹೊರಗಿನವರ ಮೇಲೆ ಬೆರಳು ತೋರಿಸುವುದು ರಾಜಕಾರಣಿಗಳಿಗೆ ಸುಲಭ. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮನೆ ಕೊಂಡವರಿಗೆ ಕೊಡುತ್ತಿದ್ದ ಗೋಲ್ಡನ್ ವೀಸಾ ನಿಲ್ಲಿಸಿತು. ರಿಮೋಟ್ ಕೆಲಸದವರ ವೀಸಾಕ್ಕೆ ಕೈ ಹಾಕಲಿಲ್ಲ.

ತೆರಿಗೆ ಎಂಬ ಗುರುತು

ನೆಂಟರೋ ಒಕ್ಕಲೋ ಅನ್ನುವುದನ್ನು ಬೇಗ ಗುರುತಿಸಲು ನಾನು ನೋಡುವುದು ತೆರಿಗೆಯ ನಿಯಮವನ್ನು. ಹೆಚ್ಚಿನ ಕಡೆ ಒಂದು ನಂಟು ಕಾಣುತ್ತದೆ. ತೆರಿಗೆ ಬೇಡ ಅನ್ನುವ ದೇಶಕ್ಕೆ ನೀವೂ ಬೇಡ. ಕ್ರೊಯೇಷಿಯಾ, ಕೋಸ್ಟರಿಕಾ, ಬಾರ್ಬಡೋಸ್ ಹೊರಗಿನ ಸಂಬಳವನ್ನು ಮುಟ್ಟುವುದಿಲ್ಲ, ವಾಸದ ಹಕ್ಕೂ ಕೊಡುವುದಿಲ್ಲ. ಸ್ಪೇನ್, ಪೋರ್ಚುಗಲ್ ತೆರಿಗೆ ಹಾಕುತ್ತವೆ, ದಿನಗಳನ್ನೂ ಎಣಿಸುತ್ತವೆ. ಐದು ವರ್ಷ ಆದ ಮೇಲೆ ನಾನು ಇಲ್ಲಿಯವನು ಅಂತ ಹೇಳಲು ಹೋದಾಗ ತೆರಿಗೆ ಕಟ್ಟಿದ ಕಾಗದಗಳೇ ನಿಮ್ಮ ಸಾಕ್ಷಿ. ವೀಸಾದ ಮೇಲೆ ಇದ್ದೂ ತೆರಿಗೆ ತಪ್ಪಿಸಿಕೊಂಡವರ ಕೈಯಲ್ಲಿ ಆ ಸಾಕ್ಷಿ ಇರುವುದಿಲ್ಲ.

ಸಾಮಾನ್ಯವಾಗಿ ವರ್ಷಕ್ಕೆ 183 ದಿನ ದಾಟಿದರೆ ಆ ದೇಶದ ತೆರಿಗೆ ನಿವಾಸಿ ಆಗುತ್ತೀರಿ. ಥಾಯ್ಲೆಂಡಿನಲ್ಲಿ 180 ದಿನ. ಡಿಟಿವಿಯಲ್ಲಿ ಒಂದು ಪ್ರವೇಶಕ್ಕೆ ಕೊಡುವುದೂ 180 ದಿನವೇ ಅನ್ನುವುದನ್ನು ಗಮನಿಸಿ. 2024ರಿಂದ ಅಲ್ಲಿನ ತೆರಿಗೆ ನಿವಾಸಿಗಳು ಹೊರಗೆ ಗಳಿಸಿ ಒಳಗೆ ತಂದ ಹಣಕ್ಕೆ, ಯಾವ ವರ್ಷ ತಂದರೂ, ತೆರಿಗೆ ಕಟ್ಟಬೇಕು. ಅಂದರೆ ತೆರಿಗೆಗೆ ಒಕ್ಕಲು, ವಾಸಕ್ಕೆ ನೆಂಟ ಆಗಿಬಿಡಬಹುದು. ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಸ್ಪೇನ್ ಹೊಸಬರಿಗೆ ರಿಯಾಯಿತಿಯ ದಾರಿ ಇಟ್ಟಿದೆ. ಅರ್ಹರಾದವರ ಸಂಬಳಕ್ಕೆ 6 ಲಕ್ಷ ಯೂರೋವರೆಗೆ 24 ಶೇಕಡಾ, ಬಂದ ವರ್ಷ ಮತ್ತು ಆಮೇಲೆ 5 ವರ್ಷ. ಜನ ಇದನ್ನು ಬೆಕ್‌ಹ್ಯಾಮ್ ಕಾನೂನು ಅನ್ನುತ್ತಾರೆ. 2003ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಬಂದ ಡೇವಿಡ್ ಬೆಕ್‌ಹ್ಯಾಮ್ ಇದರ ಲಾಭ ಪಡೆದವರಲ್ಲಿ ಮೊದಲಿಗರು. ತಮಾಷೆ ಅಂದರೆ 2015ರಿಂದ ವೃತ್ತಿಪರ ಕ್ರೀಡಾಪಟುಗಳಿಗೆ ಆ ಕಾನೂನಿನಲ್ಲಿ ಜಾಗ ಇಲ್ಲ. ಫುಟ್‌ಬಾಲ್ ಆಟಗಾರನ ಹೆಸರು ಉಳಿಯಿತು, ಒಳಗೆ ಕೂತಿರುವವರು ಸಾಫ್ಟ್‌ವೇರ್‌ನವರು.

ಕಂಪನಿಯ ಒಪ್ಪಿಗೆ

ವೀಸಾ ಸಿಕ್ಕಿದರೂ ಇಡೀ ಯೋಜನೆ ಮುಗ್ಗರಿಸುವ ಜಾಗ ಒಂದಿದೆ. ಹೆಚ್ಚಿನ ದೇಶಗಳು ನೌಕರರಿಂದ ಕಂಪನಿಯ ಒಂದು ಪತ್ರ ಕೇಳುತ್ತವೆ: ಇವರು ನಿಮ್ಮ ದೇಶದಿಂದ ಕೆಲಸ ಮಾಡಲು ನಮ್ಮ ಅಭ್ಯಂತರ ಇಲ್ಲ. ಬಹಳ ಕಂಪನಿಗಳು ಈ ಪತ್ರಕ್ಕೆ ಸಹಿ ಹಾಕಲು ಹಿಂದೇಟು ಹಾಕುತ್ತವೆ. ಮ್ಯಾನೇಜರ್ ಬಾಯಿಮಾತಿನಲ್ಲಿ ಹೂಂ ಅಂದಿರುತ್ತಾರೆ, ಎಚ್‌ಆರ್ ವಿಭಾಗ ಉಹುಂ ಅನ್ನುತ್ತದೆ.

ಅವರ ಭಯಕ್ಕೆ ಕಾರಣ ಇದೆ. ನೌಕರರೊಬ್ಬರು ಇನ್ನೊಂದು ದೇಶದ ಮನೆಯಲ್ಲಿ ಕೂತು ವರ್ಷಗಟ್ಟಲೆ ಕಂಪನಿಯ ಕೆಲಸ ಮಾಡಿದರೆ ಆ ಮನೆಯೇ ಕಂಪನಿಯ 'ಸ್ಥಿರ ನೆಲೆ' ಅಂತ ಅಲ್ಲಿನ ತೆರಿಗೆ ಇಲಾಖೆ ಹೇಳಬಹುದು. ಆಗ ಕಂಪನಿಯ ಲಾಭದಲ್ಲೂ ಪಾಲು ಕೇಳುತ್ತದೆ. ಈ ವಿಷಯ ಬಹಳ ಕಾಲ ಮಂಜು ಮಂಜಾಗಿತ್ತು. 2025ರ ನವೆಂಬರ್‌ನಲ್ಲಿ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ತನ್ನ ಮಾದರಿ ತೆರಿಗೆ ಒಪ್ಪಂದದ ವಿವರಣೆಯನ್ನು ತಿದ್ದಿ ಒಂದು ಗೆರೆ ಎಳೆಯಿತು. 12 ತಿಂಗಳಲ್ಲಿ ಕೆಲಸದ ಹೊತ್ತಿನ ಅರ್ಧಕ್ಕಿಂತ ಕಡಿಮೆ ಆ ದೇಶದ ಮನೆಯಿಂದ ಮಾಡಿದರೆ ಸಾಮಾನ್ಯವಾಗಿ ಅದು ಸ್ಥಿರ ನೆಲೆ ಆಗುವುದಿಲ್ಲ. ಅರ್ಧ ದಾಟಿದರೆ, ನೌಕರರು ಅಲ್ಲಿರುವುದರಿಂದ ಕಂಪನಿಗೆ ವ್ಯಾಪಾರದ ಕಾರಣ ಏನಾದರೂ ಇದೆಯೇ ಅಂತ ನೋಡಬೇಕು. ಅಲ್ಲಿನ ಗಿರಾಕಿಗಳನ್ನು ಭೇಟಿಯಾಗುವುದಕ್ಕೆ ಇದ್ದರೆ ಒಂದು ಉತ್ತರ, ನೌಕರರಿಗೆ ಆ ಊರು ಇಷ್ಟ ಅಂತ ಮಾತ್ರ ಇದ್ದರೆ ಇನ್ನೊಂದು. ಒಕ್ಕಲಾಗಲು ಹೊರಟವರು ಅರ್ಧದ ಗೆರೆ ದಾಟಿಯೇ ದಾಟುತ್ತಾರೆ. ಆದ್ದರಿಂದ ಎಚ್‌ಆರ್ ಜೊತೆ ಮಾತಾಡುವಾಗ ಎತ್ತಬೇಕಾದದ್ದು ಈ ವ್ಯಾಪಾರದ ಕಾರಣದ ಅಂಶವನ್ನೇ.

ಸಾಮಾಜಿಕ ಭದ್ರತೆ ಇನ್ನೊಂದು ಕಂತು. ಕಂಪನಿ ಇರುವ ದೇಶದಲ್ಲೇ ವಂತಿಗೆ ಕಟ್ಟುತ್ತಿದ್ದೇವೆ ಎಂಬ ಪ್ರಮಾಣಪತ್ರ ತರಬೇಕು, ಇಲ್ಲವೇ ಹೋದ ದೇಶದಲ್ಲಿ ಕಟ್ಟಬೇಕು. ಎರಡು ದೇಶಗಳ ನಡುವೆ ಒಪ್ಪಂದ ಇಲ್ಲದಿದ್ದರೆ ಆ ಪ್ರಮಾಣಪತ್ರವೇ ಸಿಗುವುದಿಲ್ಲ. ಸ್ಪೇನಿನ ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲೇ. ಕೆಲವರು ಕೆಲಸ ಬಿಟ್ಟು ಅದೇ ಕಂಪನಿಗೆ ಗುತ್ತಿಗೆದಾರರಾಗಿ ಸೇರಿ, ಅಲ್ಲಿ ಸ್ವತಂತ್ರ ವೃತ್ತಿಯವರಾಗಿ ನೋಂದಾಯಿಸಿಕೊಂಡು ದಾರಿ ಮಾಡಿಕೊಳ್ಳುತ್ತಾರೆ. ಆಗ ವಂತಿಗೆ ಪೂರ್ತಿ ಅವರ ಜೇಬಿನಿಂದ, ರಜೆ ಸಂಬಳ ಇಲ್ಲ, ಬೆಕ್‌ಹ್ಯಾಮ್ ರಿಯಾಯಿತಿಯೂ ಹೆಚ್ಚಾಗಿ ಕೈ ತಪ್ಪುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಿದರಾಯಿತು ಅನ್ನುವವರು ಇದ್ದೇ ಇರುತ್ತಾರೆ. ಕೆಲವು ದೇಶಗಳು ಇದಕ್ಕೆ ಬಹಿರಂಗವಾಗಿ ಒಪ್ಪಿಗೆ ಕೊಟ್ಟಿವೆ. ಬ್ರಿಟನ್ 2024ರ ಜನವರಿ ಕೊನೆಯಿಂದ, ಭೇಟಿಯ ಮುಖ್ಯ ಉದ್ದೇಶ ಕೆಲಸ ಆಗಿರದಿದ್ದರೆ, ಹೊರಗಿನ ಕಂಪನಿಯ ಕೆಲಸ ಮಾಡಲು ಬಿಡುತ್ತದೆ. ನ್ಯೂಜಿಲೆಂಡ್ 2025ರ ಜನವರಿಯಿಂದ ಬಿಡುತ್ತಿದೆ, ಮೂರು ತಿಂಗಳು ದಾಟಿದರೆ ತೆರಿಗೆ ನೋಡಿಕೊಳ್ಳಿ ಅನ್ನುತ್ತದೆ. ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ಷೆಂಗೆನ್ ವಲಯದಲ್ಲಿ ಮಾತ್ರ 180 ದಿನಕ್ಕೆ 90 ದಿನ ಅನ್ನುವ ಗೆರೆ ಗಟ್ಟಿ. ಮೊದಲು ಪಾಸ್‌ಪೋರ್ಟಿನ ಮಸುಕು ಮುದ್ರೆ ನೋಡಿ ಅಧಿಕಾರಿ ಬೆರಳು ಮಡಿಸಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಶುರುವಾದ ಇಇಎಸ್ (ಪ್ರವೇಶ-ನಿರ್ಗಮನ) ವ್ಯವಸ್ಥೆ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡನ್ನೂ ಬರೆದಿಡುತ್ತದೆ. ನೀವು ಎಣಿಸಿಟ್ಟುಕೊಳ್ಳದಿದ್ದರೂ ಅದು ಎಣಿಸಿರುತ್ತದೆ. ಆ 90 ದಿನಗಳು ಶಾಶ್ವತ ವಾಸದ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ.